ಬೇಟ್‌ಕಾಸ್ಟಿಂಗ್ ರೀಲ್: ಓಡುವ ಸ್ಪೂಲಿಗೆ ಹೆಬ್ಬೆರಳ ಕಡಿವಾಣ

ಮೀನಿನ ಗಾಳದ ರಾಡಿಗೆ ಕೂರಿಸಿ ದಾರ ಸುತ್ತಿಡುವ ಸಾಧನ ರೀಲು, ಅದರಲ್ಲಿ ದಾರ ಹೊತ್ತ ಉರುಳೆ ಸ್ಪೂಲು. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲು ಕದಲುವುದಿಲ್ಲ. ಲ್ಯೂರ್, ಅಂದರೆ ದಾರದ ತುದಿಗೆ ಕಟ್ಟಿದ ಕೃತಕ ಎರೆ, ಎಳೆದಷ್ಟು ದಾರ ಸ್ಪೂಲಿನ ಅಂಚಿನಿಂದ ಸುರುಳಿ ಸುರುಳಿಯಾಗಿ ಕಳಚಿಕೊಳ್ಳುತ್ತದೆ, ಲ್ಯೂರ್ ನಿಂತರೆ ದಾರವೂ ನಿಲ್ಲುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ದಾರ ಹೊರಗೆ ಹೋಗಬೇಕಾದರೆ ಸ್ಪೂಲೇ ತಿರುಗಬೇಕು. ಗಾಳಿಪಟ ಹಾರಿಸಿದವರಿಗೆ ಇದರ ಕಷ್ಟ ಬೇಗ ತಿಳಿಯುತ್ತದೆ. ಪಟ ಜೋರಾಗಿ ಎಳೆಯುತ್ತಿದ್ದಾಗ ದಾರದ ಉರುಳೆ ಗಿರ್ರನೆ ತಿರುಗುತ್ತದೆ. ಪಟ ಒಮ್ಮೆಗೇ ಸಡಿಲವಾದರೂ ಉರುಳೆ ತನ್ನ ವೇಗದಲ್ಲೇ ತಿರುಗುತ್ತಿರುತ್ತದೆ, ಹೋಗಲು ಜಾಗವಿಲ್ಲದ ದಾರ ಉರುಳೆಯ ಮೇಲೆಯೇ ಉಬ್ಬಿ ಸಿಕ್ಕಾಗುತ್ತದೆ. ಬೇಟ್‌ಕಾಸ್ಟರ್ ಕೊಂಡ ಮೊದಲ ದಿನವೇ ಎಲ್ಲರಿಗೂ ಎದುರಾಗುವ ‘ಹಕ್ಕಿಗೂಡು’ ಇದೇ.

ಈ ಸಿಕ್ಕು ಎಷ್ಟು ಬೇಗ ಆಗುತ್ತದೆ ಎಂದು ತಿಳಿಯಲು ಸ್ವಲ್ಪ ಲೆಕ್ಕ ಮಾಡೋಣ. ದಾರ ತುಂಬಿದ ಸ್ಪೂಲಿನ ವ್ಯಾಸ 34 ಮಿಲಿಮೀಟರ್ ಎಂದುಕೊಂಡರೆ ಒಂದು ಸುತ್ತಿಗೆ ಸುಮಾರು 10.7 ಸೆಂಟಿಮೀಟರ್ ದಾರ ಹೊರಬೀಳುತ್ತದೆ. ಲ್ಯೂರ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಾರಿತೆಂದರೆ ಸ್ಪೂಲು ಸೆಕೆಂಡಿಗೆ 187 ಸುತ್ತು, ಅಂದರೆ ನಿಮಿಷಕ್ಕೆ 11,000ಕ್ಕೂ ಹೆಚ್ಚು ಸುತ್ತಿನ ವೇಗದಲ್ಲಿ ತಿರುಗಬೇಕು. ನಿಂತಿದ್ದ ಸ್ಪೂಲು ಕಣ್ಣು ಮಿಟುಕಿಸುವಷ್ಟರಲ್ಲಿ ಆ ವೇಗ ಹಿಡಿಯುತ್ತದೆ. ಲ್ಯೂರಿನ ವೇಗವಾದರೋ ರಾಡಿನ ತುದಿ ಬಿಟ್ಟ ಕ್ಷಣದಲ್ಲಿ ಅತಿ ಹೆಚ್ಚು. ಆಮೇಲೆ ಗಾಳಿಯ ತಡೆಗೆ ಸಿಕ್ಕಿ ಅದು ಇಳಿಯುತ್ತಲೇ ಹೋಗುತ್ತದೆ. ಸ್ಪೂಲಿಗೆ ಅಂಥ ತಡೆ ಇಲ್ಲ. ಲ್ಯೂರ್ ಕೇಳುವುದಕ್ಕಿಂತ ಹೆಚ್ಚು ದಾರವನ್ನು ಸ್ಪೂಲು ಬಿಡತೊಡಗಿದ ಕೂಡಲೇ ಸಿಕ್ಕು ಶುರು. ರೀಲಿನ ಆಯ್ಕೆ, ಹೊಂದಾಣಿಕೆ, ಎಸೆತ, ಮೂರರಲ್ಲೂ ಮಾಡುವ ಕೆಲಸ ಒಂದೇ: ಸ್ಪೂಲಿನ ವೇಗವನ್ನು ಲ್ಯೂರಿನ ವೇಗಕ್ಕೆ ಹೊಂದಿಸುವುದು.

ಇಷ್ಟು ಪಾಡು ಏಕೆ ಎಂದರೆ, ದಪ್ಪ ದಾರ ಮತ್ತು ಭಾರದ ಲ್ಯೂರಿಗೆ ಇಷ್ಟು ಹಿಡಿತ ಕೊಡುವ ಬೇರೆ ರೀಲಿಲ್ಲ. ದಾರ ತಿರುಚಿಕೊಳ್ಳುವುದಿಲ್ಲ. ಹಾರುತ್ತಿರುವ ಲ್ಯೂರನ್ನು ಹೆಬ್ಬೆರಳಿನಿಂದ ತಡೆದು ಎಲೆಗಳ ನಡುವಿನ ತಟ್ಟೆಯಗಲದ ನೀರಿಗೆ ಇಳಿಸಬಹುದು. ಮೀನು ಕಚ್ಚಿ ಜೊಂಡಿನೊಳಗೆ ನುಗ್ಗಿದರೆ ಗೇರಿನ ಬಲ ನೇರವಾಗಿ ಸ್ಪೂಲಿಗೆ ಸಿಗುತ್ತದೆ.

ಒಳಗಿರುವ ಮೂರು ತಡೆಗಳು

ಹಿಡಿಕೆಯ ಬದಿಯಲ್ಲಿ, ನಕ್ಷತ್ರದಂತಿರುವ ಡ್ರ್ಯಾಗ್ ಚಕ್ರದ ಪಕ್ಕ, ಒಂದು ಸಣ್ಣ ದುಂಡು ನಾಬ್ ಇರುತ್ತದೆ. ಅದು ಸ್ಪೂಲ್ ಟೆನ್ಷನ್ ನಾಬ್. ಬಿಗಿ ಮಾಡಿದರೆ ಸ್ಪೂಲಿನ ಅಚ್ಚಿನ ತುದಿಗಳನ್ನು ಎರಡೂ ಕಡೆಯಿಂದ ಒತ್ತುತ್ತದೆ. ಸ್ಪೂಲು ವೇಗವಾಗಿ ತಿರುಗಲಿ, ನಿಧಾನವಾಗಿ ತಿರುಗಲಿ, ಇದರ ತಡೆ ಹೆಚ್ಚುಕಡಿಮೆ ಒಂದೇ ಸಮ. ಹಾಗಾಗಿ ಎಸೆತದ ಕೊನೆಯಲ್ಲಿ, ಸ್ಪೂಲು ನಿಧಾನವಾದಾಗ, ಇದರ ಪರಿಣಾಮ ಎದ್ದು ಕಾಣುತ್ತದೆ.

ಹಿಡಿಕೆಯಿಲ್ಲದ ಬದಿಯಲ್ಲಿರುವುದು ಎಸೆತದ ಬ್ರೇಕು. ಇದರಲ್ಲಿ ಎರಡು ಜಾತಿ. ಸೆಂಟ್ರಿಫ್ಯೂಗಲ್ ಬ್ರೇಕಿನಲ್ಲಿ ಸ್ಪೂಲಿನ ಜೊತೆ ತಿರುಗುವ ಪುಟ್ಟ ಪ್ಲಾಸ್ಟಿಕ್ ತುಂಡುಗಳು ಹೊರಕ್ಕೆ ಚಿಮ್ಮಿ ಸುತ್ತಲಿನ ಬಳೆಗೆ ಉಜ್ಜುತ್ತವೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಎಸೆತದ ಆರಂಭದ ಅಬ್ಬರವನ್ನು ಇದು ಗಟ್ಟಿಯಾಗಿ ಹಿಡಿದು, ಸ್ಪೂಲು ನಿಧಾನವಾಗುತ್ತಿದ್ದಂತೆ ತಾನಾಗಿ ಬಿಟ್ಟುಕೊಡುತ್ತದೆ. ಸ್ವೀಡನ್ನಿನ ಆಬು ಕಂಪನಿ 1950ರ ದಶಕದಲ್ಲಿ ತಂದ ಆಂಬಾಸಡರ್ 5000 ರೀಲು ಹೆಸರು ಮಾಡಿದ್ದರಲ್ಲಿ ಈ ಬ್ರೇಕಿನ ಪಾಲು ದೊಡ್ಡದು.

ಮ್ಯಾಗ್ನೆಟಿಕ್ ಬ್ರೇಕಿನಲ್ಲಿ ಉಜ್ಜುವ ಭಾಗವೇ ಇಲ್ಲ. ಅಲ್ಯೂಮಿನಿಯಂ ಸ್ಪೂಲಿನ ಪಕ್ಕ ಅಯಸ್ಕಾಂತಗಳಿರುತ್ತವೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಆದರೆ ಅದು ಅಯಸ್ಕಾಂತದ ಪಕ್ಕದಲ್ಲಿ ತಿರುಗುವಾಗ ಲೋಹದೊಳಗೆ ಸುಳಿ ವಿದ್ಯುತ್ ಹುಟ್ಟಿ ಆ ತಿರುಗಾಟವನ್ನೇ ವಿರೋಧಿಸುತ್ತದೆ. ಮನೆಗಳ ಹಳೆಯ ಕರೆಂಟ್ ಮೀಟರಿನಲ್ಲಿ ತಿರುಗುವ ಅಲ್ಯೂಮಿನಿಯಂ ತಟ್ಟೆಯನ್ನು ಹದದಲ್ಲಿಟ್ಟದ್ದೂ ಇದೇ ಉಪಾಯ. ಡಯಲ್ ತಿರುಗಿಸಿದರೆ ಅಯಸ್ಕಾಂತ ಹತ್ತಿರ ಬರುತ್ತದೆ ಅಥವಾ ದೂರ ಸರಿಯುತ್ತದೆ. ಇದರ ತಡೆ ವೇಗದ ಜೊತೆ ಸಮವಾಗಿ ಏರಿಳಿಯುವುದರಿಂದ ಎಸೆತದ ನಡುಭಾಗದಲ್ಲೂ ಕೈಬಿಡುವುದಿಲ್ಲ. ಹೊರಗಿನಿಂದಲೇ ಡಯಲ್ ತಿರುಗಿಸಿ ಹೊಂದಿಸಬಹುದಾದ್ದರಿಂದ ಕಲಿಯುವವರಿಗೆ ನಾವು ಹೇಳುವುದು ಇದನ್ನೇ. ಕೆಲವು ರೀಲುಗಳಲ್ಲಿ ಎರಡೂ ಇರುತ್ತವೆ. ಶಿಮಾನೊ ಕಂಪನಿ 2003ರಲ್ಲಿ ತಂದ ಡಿಸಿ (ಡಿಜಿಟಲ್ ಕಂಟ್ರೋಲ್) ರೀಲುಗಳಲ್ಲಿ ಸಣ್ಣದೊಂದು ಕಂಪ್ಯೂಟರ್ ಚಿಪ್ ಸ್ಪೂಲಿನ ವೇಗವನ್ನು ಅಳೆದು ಬ್ರೇಕ್ ಹಾಕುತ್ತದೆ. ಅದಕ್ಕೆ ಬ್ಯಾಟರಿ ಬೇಡ, ಬೇಕಾದ ವಿದ್ಯುತ್ತನ್ನು ತಿರುಗುವ ಸ್ಪೂಲೇ ಒದಗಿಸುತ್ತದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಹೆಬ್ಬೆರಳಿನ ಕಲಿಕೆಯನ್ನು ಅದೂ ತಪ್ಪಿಸುವುದಿಲ್ಲ.

ಕೊಳ್ಳುವಾಗ ನೋಡಬೇಕಾದ್ದು

ಮೊದಲು ರೀಲನ್ನಲ್ಲ, ನೀವು ಎಸೆಯುವ ಲ್ಯೂರಿನ ತೂಕವನ್ನು ಯೋಚಿಸಿ. ಸಾಮಾನ್ಯ ಬೇಟ್‌ಕಾಸ್ಟರಿಗೆ 10ರಿಂದ 30 ಗ್ರಾಂ ಹಿತವಾದ ತೂಕ. 7 ಗ್ರಾಂಗಿಂತ ಹಗುರವಾದ ಲ್ಯೂರಿಗೆ ಆ ಸ್ಪೂಲನ್ನು ತಿರುಗಿಸುವ ಶಕ್ತಿ ಸಾಲದು. ಅದಕ್ಕೆಂದೇ ಬಿಎಫ್ಎಸ್ (ಬೇಟ್ ಫಿನೆಸ್ ಸಿಸ್ಟಮ್) ಎಂಬ ಬೇರೆ ಬಗೆಯ ರೀಲುಗಳಿವೆ. ಅವುಗಳ ಸ್ಪೂಲು ಆಳವಿಲ್ಲದ್ದು, ತೀರಾ ಹಗುರ. 3 ಗ್ರಾಂ ಲ್ಯೂರ್ ಎಸೆಯಲು ಹೊರಟು ಸಾಧಾರಣ ರೀಲು ಕೊಂಡವರು ಸಿಕ್ಕು ಬಿಡಿಸುವುದರಲ್ಲೇ ಸುಸ್ತಾಗುತ್ತಾರೆ. ಅಂಥ ಲ್ಯೂರಿಗೆ ಸ್ಪಿನ್ನಿಂಗ್ ರೀಲೇ ಸರಿ.

ಆಕಾರದಲ್ಲಿ ದುಂಡನೆಯದು, ತಗ್ಗಿದ್ದು ಎಂದು ಎರಡು. ದುಂಡು ರೀಲಿಗೆ ದಾರ ಹೆಚ್ಚು ಹಿಡಿಸುತ್ತದೆ, ಮೈ ಗಟ್ಟಿ, ತೂಕ ಜಾಸ್ತಿ. ದೊಡ್ಡ ಹೊಳೆ, ದೊಡ್ಡ ಮೀನಿಗೆ ಅದು. ಕೆರೆ, ಹಿನ್ನೀರು, ಅಳಿವೆಗಳಲ್ಲಿ ದಿನವಿಡೀ ಎಸೆಯುವವರಿಗೆ 200 ಗ್ರಾಂ ಆಸುಪಾಸಿನ ತಗ್ಗು ರೀಲು ಅಂಗೈಯಲ್ಲಿ ಕೂರುತ್ತದೆ. ಕಂಪನಿಗಳ ಲೆಕ್ಕದಲ್ಲಿ 100 ಅಥವಾ 150 ಅಳತೆ ಸಾಕು.

ಗೇರ್ ಅನುಪಾತವೆಂದರೆ ಹಿಡಿಕೆ ಒಂದು ಸುತ್ತು ತಿರುಗಿದಾಗ ಸ್ಪೂಲು ಎಷ್ಟು ಸುತ್ತು ತಿರುಗುತ್ತದೆ ಎಂಬುದು. 5.4:1 ನಿಧಾನ, ಎಳೆತಕ್ಕೆ ಬಲ ಹೆಚ್ಚು. ನೀರಿನಲ್ಲಿ ಭಾರವಾಗಿ ಎಳೆಯುವ ದೊಡ್ಡ ಕ್ರ್ಯಾಂಕ್‌ಬೇಟ್ ಎಂಬ ಲ್ಯೂರಿಗೆ ಒಳ್ಳೆಯದು. 8:1 ಅತಿ ವೇಗ, ಸಡಿಲವಾದ ದಾರವನ್ನು ತಕ್ಷಣ ಬಾಚಿಕೊಳ್ಳುತ್ತದೆ, ಆದರೆ ಭಾರ ಬಿದ್ದಾಗ ಹಿಡಿಕೆ ಗಡುಸಾಗುತ್ತದೆ. ಒಂದೇ ರೀಲು ಇಟ್ಟುಕೊಳ್ಳುವವರು 6.3:1ರಿಂದ 7.1:1ರ ನಡುವಿನದನ್ನು ಕೊಳ್ಳಲಿ. ಅನುಪಾತವೊಂದನ್ನೇ ನೋಡಿದರೂ ಸಾಲದು. 34 ಮಿಲಿಮೀಟರ್ ವ್ಯಾಸ ತುಂಬಿದ ಸ್ಪೂಲು 7.1:1ರಲ್ಲಿ ಒಂದು ಸುತ್ತಿಗೆ ಸುಮಾರು 76 ಸೆಂಟಿಮೀಟರ್ ದಾರ ಎಳೆಯುತ್ತದೆ. ದಾರ ಕಡಿಮೆಯಾಗಿ ವ್ಯಾಸ 28ಕ್ಕೆ ಇಳಿದರೆ ಅದೇ ರೀಲು ಎಳೆಯುವುದು 62 ಸೆಂಟಿಮೀಟರ್ ಮಾತ್ರ.

ಎಡಗೈ ಹಿಡಿಕೆಯೋ ಬಲಗೈ ಹಿಡಿಕೆಯೋ ಎಂಬುದನ್ನು ಕೊಳ್ಳುವಾಗಲೇ ತೀರ್ಮಾನಿಸಬೇಕು. ಸ್ಪಿನ್ನಿಂಗ್ ರೀಲಿನಂತೆ ಹಿಡಿಕೆಯನ್ನು ಆಮೇಲೆ ಇನ್ನೊಂದು ಬದಿಗೆ ಹಾಕಲಾಗುವುದಿಲ್ಲ. ಬಲಗೈಯಲ್ಲಿ ಎಸೆದು ಎಡಗೈಯಲ್ಲಿ ಸುತ್ತಿ ಅಭ್ಯಾಸವಿದ್ದವರು ಎಡ ಹಿಡಿಕೆಯದನ್ನೇ ಕೇಳಿ ಪಡೆಯಿರಿ, ಪ್ರತಿ ಎಸೆತಕ್ಕೂ ಕೈ ಬದಲಿಸುವ ಕೆಲಸ ತಪ್ಪುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಬೇರಿಂಗ್ ಸಂಖ್ಯೆಗೆ ಮರುಳಾಗಬೇಡಿ. ಎಸೆತಕ್ಕೆ ಮುಖ್ಯವಾದವು ಸ್ಪೂಲನ್ನು ಹೊತ್ತ ಬೇರಿಂಗ್‌ಗಳು, ಉಳಿದವು ಹಿಡಿಕೆಯಲ್ಲೋ ಇನ್ನೆಲ್ಲೋ ಇರುತ್ತವೆ. ಅಂಗಡಿಯಲ್ಲಿ ಟೆನ್ಷನ್ ನಾಬ್ ಸಡಿಲಿಸಿ, ಸ್ಪೂಲನ್ನು ಗೇರಿನಿಂದ ಬಿಡಿಸುವ ಹೆಬ್ಬೆರಳ ಗುಂಡಿ ಒತ್ತಿ, ಸ್ಪೂಲನ್ನು ಬೆರಳಿನಿಂದ ತಿರುಗಿಸಿ ನೋಡಿ. ಕರಕರ ಸದ್ದಿಲ್ಲದೆ ತಿರುಗಿ ಮೆಲ್ಲಗೆ ನಿಲ್ಲಬೇಕು.

ರಾಡಿನ ವಿಷಯದಲ್ಲಿ ಅನೇಕರು ಎಡವುತ್ತಾರೆ. ಬೇಟ್‌ಕಾಸ್ಟರಿಗೆ ಹಿಡಿಯ ಕೆಳಗೆ ತೋರುಬೆರಳಿಗೆ ಕೊಕ್ಕೆಯಿರುವ, ದಾರ ಹಾಯುವ ಬಳೆಗಳು, ಅಂದರೆ ಗೈಡುಗಳು, ಮೇಲ್ಮುಖವಾಗಿರುವ ಕಾಸ್ಟಿಂಗ್ ರಾಡೇ ಬೇಕು. ರಾಡಿನ ಮೇಲೆ ಬರೆದ ತೂಕದ ಮಿತಿಯೊಳಗೇ ನಿಮ್ಮ ಲ್ಯೂರ್ ಇರಲಿ. ಗಡುಸು ರಾಡು ಹಗುರ ಲ್ಯೂರಿಗೆ ಬಾಗುವುದಿಲ್ಲ, ಆಗ ಕೈ ತಾನಾಗಿ ಝಾಡಿಸುತ್ತದೆ, ಝಾಡಿಸಿದರೆ ಸಿಕ್ಕು ಖಂಡಿತ. 7 ಅಡಿಯ, ಮೀಡಿಯಂ ಅಥವಾ ಮೀಡಿಯಂ ಹೆವಿ ಗಡುಸಿನ ರಾಡು ಕಲಿಕೆಗೆ ಅನುಕೂಲ.

ದಾರ ತುಂಬುವುದು

ಕಲಿಯುವವರು 12ರಿಂದ 14 ಪೌಂಡ್ ಬಲ ತಡೆಯುವ ನೈಲಾನ್ ದಾರ, ಅಂದರೆ ಮೋನೊ, ಹಾಕಿಕೊಳ್ಳಿ. ಅಗ್ಗ, ಸಿಕ್ಕಾದರೆ ಬಿಡಿಸುವುದು ಸುಲಭ. ಬ್ರೇಡ್, ಅಂದರೆ ಎಳೆಗಳನ್ನು ಹೆಣೆದ ದಾರ, ಆಮೇಲೆ ಬರಲಿ. ತೆಳ್ಳನೆಯ ಬ್ರೇಡ್ ಭಾರ ಬಿದ್ದಾಗ ಕೆಳಗಿನ ಸುತ್ತುಗಳ ನಡುವೆ ಕುಸಿದು ಕೂರುತ್ತದೆ. ಮುಂದಿನ ಎಸೆತದಲ್ಲಿ ಅಲ್ಲಿಗೆ ಬಂದಾಗ ದಾರ ಗಕ್ಕನೆ ನಿಂತು ಲ್ಯೂರ್ ಕಿತ್ತು ಹಾರಿಹೋಗುತ್ತದೆ. ಬೇಟ್‌ಕಾಸ್ಟರಿಗೆ 30 ಪೌಂಡಿಗಿಂತ ಕಡಿಮೆಯ ಬ್ರೇಡ್ ಬೇಡವೆನ್ನುವುದು ಇದಕ್ಕೇ. ನುಣುಪಾದ ಸ್ಪೂಲಿನ ಮೇಲೆ ಬ್ರೇಡನ್ನು ನೇರ ಕಟ್ಟಿದರೆ ಇಡೀ ದಾರವೇ ಜಾರಿ ತಿರುಗುತ್ತದೆ, ಅಡಿಯಲ್ಲಿ ಹತ್ತಾರು ಸುತ್ತು ಮೋನೊ ಇರಲಿ.

ದಾರದ ತುದಿಯನ್ನು ರಾಡಿನ ಗೈಡುಗಳಿಂದ, ಆಮೇಲೆ ದಾರವನ್ನು ಸ್ಪೂಲಿನ ಮೇಲೆ ಸಮನಾಗಿ ಹರಡುವ ಲೆವೆಲ್ ವೈಂಡಿನ ಕಣ್ಣಿನಿಂದ ತೂರಿಸಿ ಸ್ಪೂಲಿಗೆ ಗಂಟು ಹಾಕಬೇಕು. ಕಣ್ಣಿಗೆ ತೂರಿಸುವುದನ್ನು ಮರೆತು ಎಲ್ಲ ಸುತ್ತಿದ ಮೇಲೆ ನೆನಪಾಗುವುದು ಎಷ್ಟೋ ಜನರಿಗೆ ಆಗಿದೆ. ದಾರದ ಉರುಳೆಗೆ ಪೆನ್ಸಿಲ್ ತೂರಿಸಿ, ಯಾರಾದರೂ ಹಿಡಿದುಕೊಳ್ಳಲಿ, ಅದು ಗಾಲಿಯಂತೆ ತಿರುಗಲಿ. ಒದ್ದೆ ಬಟ್ಟೆಯಲ್ಲಿ ದಾರವನ್ನು ಒತ್ತಿ ಹಿಡಿದು ಬಿಗಿಯಾಗಿ ಸುತ್ತಿ. ಸ್ಪೂಲಿನ ಅಂಚಿಗಿಂತ 2-3 ಮಿಲಿಮೀಟರ್ ಕೆಳಗೆ ನಿಲ್ಲಿಸಿ. ಅಂಚಿನ ತನಕ ತುಂಬಿದರೆ ಸ್ಪೂಲು ಭಾರವಾಗಿ ಹಿಡಿತ ತಪ್ಪುತ್ತದೆ, ತೀರಾ ಕಡಿಮೆಯಾದರೆ ಎಸೆತದ ದೂರ ಕುಗ್ಗುತ್ತದೆ.

ಹೊಂದಿಸುವ ಕ್ರಮ

ಎಸೆತದ ಬ್ರೇಕನ್ನು ಪೂರ್ತಿ ಏರಿಸಿ. ಎಸೆಯಲಿರುವ ಲ್ಯೂರನ್ನೇ ಕಟ್ಟಿ, ಕಲಿಕೆಗಾದರೆ ಕೊಕ್ಕೆಯಿಲ್ಲದ 14ರಿಂದ 20 ಗ್ರಾಂ ತೂಕದ ಗುಂಡು. ರಾಡನ್ನು ನೆಲಕ್ಕೆ ಸಮಾಂತರವಾಗಿ, ಎದೆಯೆತ್ತರದಲ್ಲಿ ಹಿಡಿದು ಗುಂಡಿ ಒತ್ತಿ. ಲ್ಯೂರ್ ದಡಕ್ಕನೆ ಬೀಳದೆ ಮೆಲ್ಲಗೆ ಇಳಿಯಬೇಕು, ನೆಲ ಮುಟ್ಟಿದಾಗ ಸ್ಪೂಲು ಕೂಡಲೇ ನಿಲ್ಲಬೇಕು, ಹೆಚ್ಚೆಂದರೆ ಅರ್ಧ ಸುತ್ತು. ಮುಂದೆ ಓಡಿದರೆ ಟೆನ್ಷನ್ ನಾಬನ್ನು ಕೂದಲೆಳೆಯಷ್ಟು ಬಿಗಿ ಮಾಡಿ, ಇಳಿಯದೇ ನಿಂತರೆ ಸಡಿಲಿಸಿ. ಲ್ಯೂರಿನ ತೂಕ ಬದಲಾದಾಗಲೆಲ್ಲ ಹೀಗೆ ಪರೀಕ್ಷಿಸಬೇಕು.

ಹತ್ತಿಪ್ಪತ್ತು ಎಸೆತ ಸಿಕ್ಕಿಲ್ಲದೆ ಹೋದ ಮೇಲೆ ಬ್ರೇಕನ್ನು ಒಂದೊಂದೇ ಅಂಕ ಇಳಿಸುತ್ತ ಬನ್ನಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಬ್, ಬ್ರೇಕು ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಕೈ ಪಳಗಿದವರು ನಾಬನ್ನು ಸ್ಪೂಲು ಎಡಬಲಕ್ಕೆ ಅಲುಗಾಡದಷ್ಟು ಮಾತ್ರ ಬಿಗಿಯಿಟ್ಟು, ಉಳಿದದ್ದನ್ನು ಬ್ರೇಕು ಮತ್ತು ಹೆಬ್ಬೆರಳಿಗೆ ಬಿಡುತ್ತಾರೆ. ಎಸೆತದ ದೂರ ಸಿಗುವುದು ಆಗಲೇ.

ನಕ್ಷತ್ರದ ಚಕ್ರಕ್ಕೂ ಎಸೆತಕ್ಕೂ ಸಂಬಂಧವಿಲ್ಲ. ಅದು ಮೀನು ಎಳೆದಾಗ ಎಷ್ಟು ಬಲಕ್ಕೆ ದಾರ ಬಿಡಬೇಕೆಂದು ಹೇಳುವ ಡ್ರ್ಯಾಗ್. ದಾರ ತಡೆಯುವ ಬಲದ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದ ನಡುವೆ ಇಡುವುದು ರೂಢಿ. 14 ಪೌಂಡಿನ ದಾರ ತಡೆಯುವುದು ಸುಮಾರು 6.3 ಕಿಲೊ. ದಾರವನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದಾಗ 1.6ರಿಂದ 2 ಕಿಲೊ ತೋರಿಸುವಾಗ ಸ್ಪೂಲು ಜಾರತೊಡಗಲಿ.

ಎಸೆತ

ರೀಲನ್ನು ಅಂಗೈಗೆ ತುಂಬಿ ಹಿಡಿದು, ಮಣಿಕಟ್ಟು ತಿರುಗಿಸಿ ಹಿಡಿಕೆ ಆಕಾಶ ನೋಡುವಂತೆ ಮಾಡಿ (ಬಲಗೈಯಲ್ಲಿ ಎಸೆಯುವವರ ರೀಲು ಎಡ ಹಿಡಿಕೆಯದಾದರೆ ಹಿಡಿಕೆ ನೆಲ ನೋಡುತ್ತದೆ). ಆಗ ಮಣಿಕಟ್ಟು ಸಲೀಸಾಗಿ ಬಾಗುತ್ತದೆ. ಹಿಡಿಕೆ ಪಕ್ಕಕ್ಕಿದ್ದರೆ ಅದು ಲಾಕ್ ಆದಂತೆ ನಿಂತು ಇಡೀ ತೋಳನ್ನು ಬೀಸಬೇಕಾಗುತ್ತದೆ. ಲ್ಯೂರ್ ರಾಡಿನ ತುದಿಯಿಂದ ಒಂದು ಗೇಣಿನಷ್ಟು ಕೆಳಗೆ ತೂಗಲಿ. ಹೆಬ್ಬೆರಳನ್ನು ಸ್ಪೂಲಿನ ನಡುವಿನ ದಾರದ ಮೇಲೆ ತುಸು ಓರೆಯಾಗಿಟ್ಟು ಒತ್ತಿಕೊಂಡೇ ಗುಂಡಿ ಅದುಮಿ.

ನಿಮ್ಮನ್ನು ಪಕ್ಕದಿಂದ ನೋಡುವವರ ಮುಂದೆ ಗಡಿಯಾರವೊಂದಿದೆ, ತಲೆಯ ಮೇಲೆ 12, ಗುರಿ 9ರ ಕಡೆಗೆ ಎಂದುಕೊಳ್ಳಿ. ರಾಡನ್ನು 2 ಗಂಟೆಯ ತನಕ ಹಿಂದಕ್ಕೆ ಒಯ್ಯಿರಿ. ಲ್ಯೂರಿನ ಭಾರಕ್ಕೆ ತುದಿ ಬಾಗಿದ್ದು ಕೈಗೆ ಗೊತ್ತಾಗುತ್ತದೆ. ಆಗ ಮುಂದಕ್ಕೆ ತನ್ನಿ, ಮೆಲ್ಲಗೆ ಶುರುವಾಗಿ ವೇಗ ಏರುತ್ತ ಹೋಗಲಿ. 11 ಗಂಟೆ ದಾಟುವಾಗ ಹೆಬ್ಬೆರಳನ್ನು ಸಡಿಲಿಸಿ, 10ರ ಹತ್ತಿರ ರಾಡು ನಿಲ್ಲಲಿ. ಸಡಿಲಿಸುವುದೆಂದರೆ ಎತ್ತಿ ಬಿಡುವುದಲ್ಲ. ಬೆರಳಿನ ತುದಿ ದಾರವನ್ನು ಗರಿಯಂತೆ ಸೋಕುತ್ತಿರಬೇಕು. ದಾರ ಉಬ್ಬತೊಡಗಿದರೆ ಆ ಸ್ಪರ್ಶಕ್ಕೇ ಮೊದಲು ತಿಳಿಯುತ್ತದೆ, ಆಗ ತುಸು ಒತ್ತಿದರೆ ಸಾಕು. ಲ್ಯೂರ್ ನೀರು ಮುಟ್ಟುವ ಮುಂಚೆಯೇ ಸ್ಪೂಲನ್ನು ಪೂರ್ತಿ ನಿಲ್ಲಿಸಬೇಕು. ಯಾವ ಬ್ರೇಕೂ ಈ ಕೊನೆಯ ಕೆಲಸವನ್ನು ಮಾಡಿಕೊಡುವುದಿಲ್ಲ, ಹೆಬ್ಬೆರಳೇ ಮಾಡಬೇಕು. ಹಿಡಿಕೆಯನ್ನು ಒಮ್ಮೆ ತಿರುಗಿಸಿದರೆ ಗೇರ್ ಮತ್ತೆ ಹಿಡಿದುಕೊಳ್ಳುತ್ತದೆ. ಲ್ಯೂರ್ ಹಾರುತ್ತಿರುವಾಗ ಮಾತ್ರ ಹಿಡಿಕೆ ತಿರುಗಿಸಬೇಡಿ, ಓಡುವ ಸ್ಪೂಲಿಗೆ ಗೇರ್ ಬಡಿದು ಹಲ್ಲು ಹಾಳಾಗುತ್ತದೆ.

ಮೊದಲು ಬಯಲಿನಲ್ಲಿ 15 ಮೀಟರ್ ದೂರಕ್ಕೆ ಬಕೆಟ್ ಇಟ್ಟು ಅಭ್ಯಾಸ ಮಾಡಿ. ದೂರದ ಆಸೆಯೇ ಸಿಕ್ಕಿನ ಮೂಲ. ಒಂದು ಸಣ್ಣ ಉಪಾಯವಿದೆ: ಒಂದು ಉದ್ದದ ಎಸೆತ ಹಾಕಿ, ಇನ್ನೂ 10 ಮೀಟರ್ ದಾರ ಎಳೆದು, ಸ್ಪೂಲಿನಲ್ಲಿ ಉಳಿದ ದಾರದ ಮೇಲೆ ಒಂದು ಸುತ್ತು ಟೇಪ್ ಅಂಟಿಸಿ, ಮತ್ತೆ ಸುತ್ತಿಕೊಳ್ಳಿ. ಎಂಥ ಸಿಕ್ಕಾದರೂ ಟೇಪಿನಿಂದ ಆಳಕ್ಕೆ ಇಳಿಯುವುದಿಲ್ಲ. ಮೀನು ಹಿಡಿಯಲು ಹೋಗುವ ಮುಂಚೆ ತೆಗೆದುಬಿಡಿ.

ಎಸೆತ ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ನೋಡಿದರೆ ಮದ್ದು ಸಿಗುತ್ತದೆ. ಲ್ಯೂರ್ ಹೊರಟ ಕೂಡಲೇ ದಾರ ಉಬ್ಬಿದರೆ ಝಾಡಿಸಿದ್ದೀರಿ, ಅಥವಾ ಬ್ರೇಕು ಕಡಿಮೆಯಿದೆ. ಕೊನೆಯಲ್ಲಿ ಉಬ್ಬಿದರೆ ಹೆಬ್ಬೆರಳು ತಡವಾಗಿದೆ. ಲ್ಯೂರ್ ಆಕಾಶಕ್ಕೆ ಹೋದರೆ ಬೇಗ ಬಿಟ್ಟಿದ್ದೀರಿ, ಕಾಲ ಬುಡದಲ್ಲಿ ನೀರಿಗೆ ಬಡಿದರೆ ತಡವಾಗಿ ಬಿಟ್ಟಿದ್ದೀರಿ. ಎದುರುಗಾಳಿಗೆ ಬ್ರೇಕನ್ನು ಎರಡು ಮೂರು ಅಂಕ ಏರಿಸಿ, ರಾಡನ್ನು ಪಕ್ಕದಿಂದ ಬೀಸಿ ಲ್ಯೂರನ್ನು ನೀರಿನ ಮೇಲ್ಮೈಗೆ ಹತ್ತಿರದಲ್ಲೇ ಕಳಿಸಿ.

ಸಿಕ್ಕಾಯಿತೆನ್ನಿ. ದಾರವನ್ನು ಜಗ್ಗಬೇಡಿ, ಜಗ್ಗಿದಷ್ಟೂ ಕುಣಿಕೆಗಳು ಬಿಗಿಯಾಗುತ್ತವೆ. ಡ್ರ್ಯಾಗ್ ಬಿಗಿ ಮಾಡಿ, ಹೆಬ್ಬೆರಳಿನಿಂದ ಸ್ಪೂಲನ್ನು ಗಟ್ಟಿಯಾಗಿ ಒತ್ತಿ ಹಿಡಿದೇ ಹಿಡಿಕೆಯನ್ನು ಎರಡು ಮೂರು ಸುತ್ತು ತಿರುಗಿಸಿ. ಬೆರಳಿನಡಿ ಹಾಯುವಾಗ ಉಬ್ಬಿದ ಕುಣಿಕೆಗಳು ಮಟ್ಟಸವಾಗುತ್ತವೆ. ಆಮೇಲೆ ಗುಂಡಿ ಒತ್ತಿ ದಾರವನ್ನು ಮೆಲ್ಲಗೆ ಎಳೆಯಿರಿ. ಮತ್ತೆ ಸಿಕ್ಕಿದರೆ ಮತ್ತೆ ಅದನ್ನೇ ಮಾಡಿ. ಹೆಚ್ಚಿನ ಸಿಕ್ಕುಗಳು ಮೂರ್ನಾಲ್ಕು ಸಲಕ್ಕೆ ಬಿಡುತ್ತವೆ. ಬಿಡಿಸಿದ ಮೇಲೆ ಉಗುರಿನಿಂದ ದಾರ ಸವರಿ ನೋಡಿ. ಮೋನೊ ಮಡಚಿ ಬೆಳ್ಳಗಾಗಿದ್ದರೆ ಅಲ್ಲಿಗೆ ಕತ್ತರಿಸಿ, ಒಳ್ಳೆಯ ಮೀನು ಬಿದ್ದಾಗ ತುಂಡಾಗುವುದು ಅಲ್ಲಿಯೇ.

ಜೊಂಡು ತುಂಬಿದ ಕೆರೆಯಲ್ಲಿ

ನಮ್ಮ ಕೆರೆಗಳ ಕೊರಮೀನು, ಅಂದರೆ ಮರ್ರೆಲ್, ಈ ರೀಲಿಗೆ ಹೇಳಿ ಮಾಡಿಸಿದ ಮೀನು. ತಾವರೆ, ಅಂತರಗಂಗೆ, ಜೊಂಡಿನ ನಡುವೆ ಅದರ ವಾಸ. 10ರಿಂದ 15 ಗ್ರಾಂನ ಟೊಳ್ಳು ರಬ್ಬರ್ ಕಪ್ಪೆ, 40-50 ಪೌಂಡಿನ ಬ್ರೇಡ್, 7:1 ಆಸುಪಾಸಿನ ರೀಲು, ಗಡುಸು ರಾಡು ಇಲ್ಲಿಗೆ ಒಪ್ಪುತ್ತವೆ. ಕಪ್ಪೆಯ ಎರಡು ಕೊಕ್ಕೆಗಳು ಮೈಗೆ ಅಂಟಿಕೊಂಡು ಮೇಲ್ಮುಖವಾಗಿರುವುದರಿಂದ ಎಲೆಗಳಿಗೆ ಸಿಕ್ಕುವುದಿಲ್ಲ. ಡ್ರ್ಯಾಗಿನ ಮೇಲಿನ ಲೆಕ್ಕವನ್ನು ಇಲ್ಲಿ ಮರೆತು ಬಿಗಿಯಾಗಿಡಿ, ಮೀನಿಗೆ ಒಂದು ಮಾರು ದಾರ ಕೊಟ್ಟರೂ ಜೊಂಡಿನ ಬುಡ ಸುತ್ತಿಬಿಡುತ್ತದೆ. ನೀರು ಸಿಡಿದ ಕೂಡಲೇ ಎಳೆಯಬೇಡಿ. ದಾರದಲ್ಲಿ ಮೀನಿನ ಭಾರ ತಿಳಿದ ಮೇಲೆ ಜೋರಾಗಿ ಎತ್ತಿ, ನಿಲ್ಲಿಸದೆ ಸುತ್ತಿ.

ಹತ್ತಿರದ ಕಿಂಡಿಗಳಿಗೆ ಪಿಚಿಂಗ್ ಎಸೆತ ಕಲಿಯುವುದು ಒಳ್ಳೆಯದು. ಲ್ಯೂರನ್ನು ಇನ್ನೊಂದು ಕೈಯಲ್ಲಿ ಕೊಕ್ಕೆ ತಾಗದಂತೆ ಹಿಡಿದು, ರಾಡಿನ ತುದಿಯನ್ನು ತಗ್ಗಿಸಿ ಮೇಲಕ್ಕೆತ್ತುತ್ತ ಲ್ಯೂರನ್ನು ಲೋಲಕದಂತೆ ಮುಂದಕ್ಕೆ ಬಿಡುವುದು. ಸ್ಪೂಲಿನ ವೇಗ ಕಡಿಮೆ, ಆದ್ದರಿಂದ ಬ್ರೇಕನ್ನು ಇಳಿಸಬಹುದು. ಲ್ಯೂರ್ ಸದ್ದಿಲ್ಲದೆ ನೀರಿಗಿಳಿಯುತ್ತದೆ.

ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವಂತೆ ಕಂಡರೆ ಅಲ್ಲಿಗೆ ಎಸೆಯಬೇಡಿ. ಕೆಳಗೆ ತಾಯ್ತಂದೆ ಮೀನುಗಳು ಕಾವಲಿರುತ್ತವೆ, ಕೋಪಕ್ಕೆ ಕಚ್ಚಿಯೇ ಕಚ್ಚುತ್ತವೆ. ಅವನ್ನು ಎತ್ತಿದರೆ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ. ಅನೇಕ ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಗಾಳ ಹಾಕುವ ಮುಂಚೆ ಗುತ್ತಿಗೆದಾರರನ್ನೋ ಪಂಚಾಯಿತಿಯನ್ನೋ ಕೇಳಿ.

ಮನೆಗೆ ಬಂದ ಮೇಲೆ

ಕರಾವಳಿಯ ಅಳಿವೆಯಲ್ಲಿ ಬಳಸಿದ ರೀಲನ್ನು ಅದೇ ದಿನ ತೊಳೆಯಬೇಕು. ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರನ್ನು ಮೆಲ್ಲಗೆ ಸುರಿಯಿರಿ. ಕೊಳವೆಯಿಂದ ರಭಸವಾಗಿ ಬಿಟ್ಟರೆ ಉಪ್ಪು ಒಳಕ್ಕೇ ಹೋಗುತ್ತದೆ, ಬಕೆಟ್‌ನಲ್ಲಿ ಮುಳುಗಿಸುವುದೂ ತಪ್ಪು. ಒರೆಸಿ ನೆರಳಲ್ಲಿ ಒಣಗಿಸಿ. ತಿಂಗಳಿಗೊಮ್ಮೆ ಸ್ಪೂಲಿನ ಬೇರಿಂಗ್‌ಗಳಿಗೆ ಒಂದೊಂದು ಹನಿ ರೀಲ್ ಎಣ್ಣೆ, ಲೆವೆಲ್ ವೈಂಡಿನ ತಿರುಪು ದಂಡಕ್ಕೆ ಒಂದು ಹನಿ ಸಾಕು. ಆ ದಂಡದಲ್ಲಿ ಮರಳು ಕೂತರೆ ದಾರ ಒಂದೇ ಬದಿಗೆ ಗುಡ್ಡೆಯಾಗುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೊದಲು ತೆಗೆಯಿರಿ. ಗೇರಿಗೆ ಗ್ರೀಸು, ಬೇರಿಂಗ್‌ಗೆ ಎಣ್ಣೆ, ಇದು ಅದಲು ಬದಲಾಗಬಾರದು. ಬೇರಿಂಗ್‌ಗೆ ಗ್ರೀಸು ಹಚ್ಚಿದರೆ ಎಸೆತದ ದೂರವೇ ಹೋಗುತ್ತದೆ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಹಳೆ ಎಣ್ಣೆ ಅಂಟಾಗುತ್ತವೆ, ಬೇಡ. ತೆಗೆದಿಡುವಾಗ ನಕ್ಷತ್ರದ ಚಕ್ರವನ್ನು ಸಡಿಲಿಸಿಡಿ. ಬಿಗಿಯಾಗಿಯೇ ಬಿಟ್ಟರೆ ಡ್ರ್ಯಾಗಿನ ಬಿಲ್ಲೆಗಳು ಒತ್ತಿಕೊಂಡು, ಮುಂದಿನ ಸಲ ದಾರ ಜಾರಬೇಕಾದಾಗ ಎಳೆದೆಳೆದು ಬಿಡುತ್ತವೆ.